ಅಜ್ಜಿಯ ಸಕ್ಕರೆ ಅಚ್ಚು, ಅಮ್ಮನ ಓವನ್ನು

ಸಕ್ಕರೆ ಸುಡುವಾಗ ಎರಡು ವಾಸನೆ ಬರುತ್ತದೆ. ಮೊದಲನೆಯದು ಮದುವೆ ಮನೆಯ ಅಡುಗೆ ಚಪ್ಪರದಿಂದ ಬಂದ ಹಾಗೆ ಹಿತವಾಗಿರುತ್ತದೆ, ಮೂಗು ತಾನಾಗಿಯೇ ಅದರ ಹಿಂದೆ ಹೋಗುತ್ತದೆ. ಹಾಗೆ ಹೋದ ಮೂಗನ್ನು ಎರಡನೆಯದು ಹಿಡಿದು ತಿರುಚುತ್ತದೆ. ಅದು ಕಹಿ, ಗಂಟಲಿನ ಹಿಂದೆ ಹೋಗಿ ಕೂತರೆ ಎರಡು ದಿನ ಏಳುವುದಿಲ್ಲ. ಹೋದ ಡಿಸೆಂಬರಿನಲ್ಲಿ ಅಲೆನ್ ಊರಿನಲ್ಲಿರುವ ನನ್ನ ಮಗಳ ಮನೆಯಲ್ಲಿ ನನ್ನ ಮೊಮ್ಮಕ್ಕಳಿಬ್ಬರು ಶುಂಠಿ ಬಿಸ್ಕತ್ತಿನ ಮನೆ ಕಟ್ಟುತ್ತಿದ್ದರು. ಗೋಡೆ, ಮಾಡು, ಬಾಗಿಲು ಎಲ್ಲವನ್ನೂ ಹಿಟ್ಟಿನಲ್ಲೇ ಕತ್ತರಿಸಿ ಬೇಯಿಸಿಕೊಂಡು, ಸಕ್ಕರೆ ಪಾಕವನ್ನು ಗಾರೆಯ ಹಾಗೆ ಬಳಿದು ಅಂಟಿಸುವ ಕೆಲಸ. ಹೊರಗೆ, ನಮ್ಮ ಟೆಕ್ಸಾಸಿನ ಮಟ್ಟಿಗೆ ಹೇಳುವುದಾದರೆ, ಹಿಮ ಬೀಳುತ್ತಿತ್ತು. ಅಂದರೆ ಯಾರೋ ಮೇಲೆ ಕೂತು ಜಿಪುಣತನದಿಂದ ರವೆ ಜರಡಿ ಹಿಡಿಯುತ್ತಿದ್ದರು. ಹಿಮ ನೋಡಲು ಮಕ್ಕಳು ಕಿಟಕಿಗೆ ಓಡಿದರು, ಒಲೆಯ ಮೇಲಿದ್ದ ಪಾಕ ಸೀದುಹೋಯಿತು. ಮಗಳು ನಕ್ಕುಕೊಂಡು ಪಾತ್ರೆಯನ್ನು ಸಿಂಕಿಗೆ ಹಾಕಿದಳು. ನಾನು ಮಾತ್ರ ಗ್ಯಾರೇಜಿಗೆ ಹೋಗಿ, ಕಾರಿನಲ್ಲಿ ಏನೋ ಹುಡುಕುವವನ ಹಾಗೆ ಬಹಳ ಹೊತ್ತು ನಿಂತಿದ್ದೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ಅದು ಬಂದಾಗ ನೀವು ಎಲ್ಲಿ ಹೋಗಿ ನಿಲ್ಲುತ್ತೀರೋ ನನಗೆ ಗೊತ್ತಿಲ್ಲ.

ನಾನು ಹಾಗೆ ಗ್ಯಾರೇಜಿನಲ್ಲಿ ನಿಲ್ಲುವ ಪೈಕಿಯವನಲ್ಲ. ಡಾಲಸ್ಸಿನಿಂದ ಹ್ಯೂಸ್ಟನ್ ತನಕ ಯಾವ ಕನ್ನಡದ ಮನೆಯಲ್ಲಿ ಬೇಕಾದರೂ ಕೇಳಿ, ನನ್ನ ಹೆಸರು ಹೇಳಿದ ತಕ್ಷಣ ಜನ ತಮ್ಮ ಕುರ್ಚಿ ಒಮ್ಮೆ ನೋಡಿಕೊಂಡು ಕೂರುತ್ತಾರೆ. ಆಸ್ಟಿನ್ನಿನ ಮದುವೆಯೊಂದರಲ್ಲಿ ಕಾಶಿಯಾತ್ರೆಗೆ ಹೊರಟ ಮದುಮಗನ ಛತ್ರಿಯೊಳಗೆ ಎರಡು ಸೇರು ಕಡಲೆಪುರಿ ತುಂಬಿಟ್ಟವನು ನಾನೇ. ಅವನು ಛತ್ರಿ ಬಿಚ್ಚಿದ, ಪುರಿ ಮಾವನ ತಲೆ ಮೇಲೆ ಸುರಿಯಿತು, ಪುರೋಹಿತರು ಅದನ್ನೂ ಶಾಸ್ತ್ರವೆಂದುಕೊಂಡು ಎರಡು ಮಂತ್ರ ಹೆಚ್ಚಿಗೆ ಹೇಳಿದರು. ಇಂಥವು ಇನ್ನೂ ನೂರಿವೆ. ಅರವತ್ತು ದಾಟಿದರೂ ಕೈ ಸುಮ್ಮನಿರುವುದಿಲ್ಲ. ಆದರೆ ಈಗ ಹೇಳಹೊರಟಿರುವ ಕಥೆಯನ್ನು ನಾನು ಯಾರ ಮುಂದೆಯೂ ಜಂಬವಾಗಿ ಹೇಳಿಕೊಂಡಿಲ್ಲ. ಒಬ್ಬರ ಮುಂದೆ ಹೇಳಿದೆ. ಅದು ಏನಾಯಿತೆಂದು ಕೊನೆಗೆ ಬರುತ್ತದೆ.

ಅಪ್ಪ ನಮ್ಮನ್ನು ಮೈಸೂರಿನಿಂದ ಕರೆದುಕೊಂಡು ಬಂದಾಗ ನನಗೆ ಏಳು ವರ್ಷ. ಅಪ್ಪ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಎಂಜಿನಿಯರು. ಡಾಲಸ್ ಪಕ್ಕದ ಪ್ಲೇನೋದಲ್ಲಿ ಮನೆ. ಈಗ ಪ್ಲೇನೋ ಅಂದರೆ ಗಾಜಿನ ಆಫೀಸುಗಳು, ಆರು ಲೇನಿನ ರಸ್ತೆ, ಶನಿವಾರ ಬಂದರೆ ದೋಸೆಗೆ ಕ್ಯೂ. ಆಗ ನಮ್ಮ ಬೀದಿ ಮುಗಿದ ಕಡೆ ಹತ್ತಿ ಹೊಲ ಶುರುವಾಗುತ್ತಿತ್ತು. ಬೀದಿಗೆಲ್ಲ ಕನ್ನಡದವರು ನಾವೊಬ್ಬರೇ. ಊರಿಗೆ ಇನ್ನೊಂದು ಮನೆ ಇತ್ತೋ ಏನೋ. ನಮ್ಮದು ಕೆಂಪು ಇಟ್ಟಿಗೆಯ ತಗ್ಗು ಮನೆ. ಒಳಗೆ ಕಾಲಿಟ್ಟರೆ ಇಂಗು, ಕಾರ್ಪೆಟ್ಟು, ಅಮ್ಮನ ಕೊಬ್ಬರಿ ಎಣ್ಣೆ, ಅಪ್ಪನ ಸಿಗರೇಟು ನಾಲ್ಕೂ ಸೇರಿದ ವಾಸನೆ. ಅಡುಗೆ ಮನೆಯಲ್ಲಿ ಹಳದಿ ಬಣ್ಣದ ದೊಡ್ಡ ಓವನ್ನಿತ್ತು. ಅಮ್ಮ ಮೊದಲ ದಿನ ಅದರ ಬಾಗಿಲು ತೆಗೆದು, ಒಳಗೆ ತಲೆ ಹಾಕಿ, ಎರಡು ತಂತಿ ತಟ್ಟೆಗಳನ್ನು ಹೊರಗೆಳೆದು ನೋಡಿ, "ಪರವಾಗಿಲ್ಲರೀ, ಪಾತ್ರೆ ಇಡೋಕೆ ಒಳ್ಳೆ ಜಾಗ ಕೊಟ್ಟಿದಾರೆ" ಅಂದಳು. ಅವತ್ತಿನಿಂದ ಅದು ಕಪಾಟಾಯಿತು. ದೋಸೆ ಕಾವಲಿ, ಬಾಣಲೆ, ಕುಕ್ಕರಿನ ಮುಚ್ಚಳ, ಒತ್ತು ಶ್ಯಾವಿಗೆಯ ಒರಳು ಎಲ್ಲ ಅಲ್ಲೇ. ನಗಬೇಡಿ. ನಿಮ್ಮ ಮನೆಯ ಓವನ್ನಿನಲ್ಲಿ ಈಗ ಏನಿದೆ ಎಂದು ಎದ್ದು ಹೋಗಿ ನೋಡಿ, ಆಮೇಲೆ ನಗಿ.

ನನಗೆ ಒಂಬತ್ತಾದ ವರ್ಷ ಅಪ್ಪನ ಅಮ್ಮ ಬಂದಳು. ಏರ್‌ಪೋರ್ಟಿನಲ್ಲಿ ಅಜ್ಜಿಯ ಕೈಯಲ್ಲಿದ್ದದ್ದು ಒಂದೇ ಗಂಟು, ಅದನ್ನು ವಿಮಾನದಲ್ಲಿ ತೊಡೆಯ ಮೇಲಿಂದ ಕೆಳಗಿಳಿಸಿರಲಿಲ್ಲವಂತೆ. ಹಳೇ ನೂಲಿನ ಸೀರೆಯಲ್ಲಿ ಸುತ್ತಿದ್ದ ಸಕ್ಕರೆ ಅಚ್ಚಿನ ಮರದ ಅಚ್ಚುಗಳು. ಸಂಕ್ರಾಂತಿಗೆ ಎಳ್ಳು ಬೀರುವಾಗ ಕೊಡುವ ಬಿಳೀ ಸಕ್ಕರೆ ಗೊಂಬೆಗಳನ್ನು ನೀವು ನೋಡಿರುತ್ತೀರಿ. ಅವನ್ನು ಎರೆಯುವ ಅಚ್ಚುಗಳು. ಅಜ್ಜಿಯ ತಾಯಿ ಅವಳಿಗೆ ಕೊಟ್ಟದ್ದು. ಆನೆ, ಗಿಳಿ, ಮೀನು, ಬಾಳೆಗೊನೆ, ತುಳಸಿ ಕಟ್ಟೆ, ಗೋಪುರ. ಒಂದೊಂದೂ ಎರಡು ಹೋಳು. ಮುಚ್ಚಿ ದಾರ ಸುತ್ತಿದರೆ ಮರದ ತುಂಡು, ಬಿಚ್ಚಿದರೆ ಒಳಗೆ ಆನೆಯ ಆಕಾರದ ಪೊಳ್ಳು. ಎಷ್ಟು ಸಂಕ್ರಾಂತಿಗಳ ಪಾಕ ಕುಡಿದಿದ್ದವೋ, ಒಣಗಿದ್ದಾಗಲೂ ನೆಕ್ಕಿದರೆ ಸಿಹಿ. ಇದು ಕೇಳಿದ್ದಲ್ಲ, ಆರನ್ನೂ ನೆಕ್ಕಿ ನೋಡಿ ಹೇಳುತ್ತಿದ್ದೇನೆ. ಎಲ್ಲಕ್ಕಿಂತ ಸಿಹಿ ಮೀನು.

ಅಜ್ಜಿಗೆ ಇಂಗ್ಲಿಷ್ ಬಾರದು, ಪಕ್ಕದ ಮನೆಯ ಡಾರತಿ ಆಂಟಿಗೆ ಕನ್ನಡ ಬಾರದು, ನಡುವೆ ದುಭಾಷಿ ನಾನು. ನನ್ನಂಥವನಿಗೆ ಅಂಥ ಕೆಲಸ ಕೊಡಬಾರದಿತ್ತು. ಅಜ್ಜಿಯನ್ನು ಗೌರವವಾಗಿ ಏನೆಂದು ಕರೆಯಬೇಕು ಎಂದು ಡಾರತಿ ಆಂಟಿ ಕೇಳಿದಳು. "ಕೋತಿ" ಅಂದೆ. ಮಾರನೆಯ ಬೆಳಿಗ್ಗೆ ಆ ಪುಣ್ಯಾತ್ಗಿತ್ತಿ ಬೇಲಿಯ ಆಚೆಯಿಂದ ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, "ನಮಸ್ಕಾರ, ಕೋಟಿ" ಅಂದಳು. ಅಜ್ಜಿಗೆ ಎಲ್ಲ ಅರ್ಥವಾಯಿತು. ತಾನೂ ಕೈ ಮುಗಿದು, "ನಮಸ್ಕಾರ ಕಣಮ್ಮ. ಇದನ್ನ ಹೇಳ್ಕೊಟ್ಟ ಕೋತಿ ಎಲ್ಲಿದೆ?" ಎಂದು ನನ್ನ ಕಡೆ ತಿರುಗಿದಳು. ಅಮ್ಮ ನಾಚಿಕೆಯಿಂದ ಡಾರತಿ ಆಂಟಿಗೆ ನಿಜ ಹೇಳಲು ಹೊರಟರೆ ಅಜ್ಜಿಯೇ ತಡೆದಳು. "ಬೇಡ ಬಿಡು. ಅಷ್ಟು ಪ್ರೀತಿಯಿಂದ ಕರೀತಾಳೆ. ನನ್ನ ಹೆಸರು ಹಿಡಿದು ಕರೆದ್ರೂ ಅಷ್ಟು ಚೆನ್ನಾಗಿರಲ್ಲ." ಆ ಚಳಿಗಾಲವೆಲ್ಲ ನಮ್ಮಜ್ಜಿ ಆ ಬೀದಿಯ ಕೋಟಿಯಾಗಿಯೇ ಇದ್ದಳು.

ಅಮ್ಮನಿಗೂ ಅಜ್ಜಿಗೂ ಜಗಳವಿರಲಿಲ್ಲ. ಇದ್ದದ್ದು ಮರ್ಯಾದೆ. ಜಗಳವಾದರೂ ಬೇಗ ಮುಗಿಯುತ್ತದೆ. ಅಜ್ಜಿ ಅಡುಗೆ ಮನೆಗೆ ಬಂದರೆ ಅಮ್ಮ ಸೆರಗು ಸರಿಮಾಡಿಕೊಂಡು ಗೋಡೆಗೆ ಸರಿಯುತ್ತಿದ್ದಳು. ಸಾರು ಹೇಗಿದೆ ಎಂದು ಅಪ್ಪ ಕೇಳಿದರೆ ಅಜ್ಜಿ "ಇಲ್ಲಿನ ಬೇಳೆ ಹಾಗೆ" ಅನ್ನುತ್ತಿದ್ದಳು. ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಅಮ್ಮ ರಾತ್ರಿಯವರೆಗೂ ಯೋಚಿಸುತ್ತಿದ್ದಳು. ಆಮೇಲೆ ಡಿಸೆಂಬರ್ ಬಂತು, ಡಾರತಿ ಆಂಟಿ ಬೀದಿಯ ಹೆಂಗಸರನ್ನೆಲ್ಲ ಕ್ರಿಸ್‌ಮಸ್ ತಿಂಡಿಗೆ ಕರೆದಳು. ಕಟ್ಟುಪಾಡು ಒಂದೇ: ಕೊಂಡದ್ದು ತರುವಂತಿಲ್ಲ, ಪ್ರತಿ ಮನೆಯವರೂ ಕೈಯಾರೆ ಮಾಡಿದ್ದನ್ನು ತಂದು ಹಂಚಿಕೊಳ್ಳಬೇಕು. ಅಮ್ಮನಿಗೆ ಕೈಕಾಲು ಆಡಲಿಲ್ಲ. ಬೇಕಿಂಗ್ ಎಲ್ಲಿ ಬರುತ್ತದೆ, ಓವನ್ನಿನ ತುಂಬ ಬಾಣಲೆ. "ಅದಕ್ಯಾಕೆ ಅಷ್ಟು ಪೇಚಾಡ್ತೀಯ? ನಮ್ಮ ಹತ್ರ ಅಚ್ಚಿಲ್ವಾ?" ಅಂದಳು ಅಜ್ಜಿ.

ಆ ಒಂದು ವಾರ ನಮ್ಮ ಮನೆಯನ್ನು ನೀವು ನೋಡಬೇಕಿತ್ತು. ಅಚ್ಚುಗಳು ಸ್ನಾನದ ತೊಟ್ಟಿಯಲ್ಲಿ ರಾತ್ರಿಯೆಲ್ಲ ನೆನೆದವು. ಒಣ ಅಚ್ಚಿಗೆ ಎರೆದರೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಅಮ್ಮ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು ಬಟ್ಟೆಯಲ್ಲಿ ಸೋಸಿ ಕೊಡುವಳು. ಅಜ್ಜಿ ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಗೆ ಹಾಕಿ ಕುದಿಸಿ, ಸೌಟಿನಲ್ಲಿ ತಿರುವಿ ತಿರುವಿ, ತಿಳಿಯಾದ ಪಾಕ ಇದ್ದಕ್ಕಿದ್ದಂತೆ ಹಾಲಿನ ಬಣ್ಣಕ್ಕೆ ತಿರುಗುವ ಆ ಕ್ಷಣಕ್ಕೆ ಸರಿಯಾಗಿ ಅಚ್ಚಿಗೆ ಸುರಿಯುವಳು. ಒಂದು ಉಸಿರು ತಡವಾದರೆ ಪಾತ್ರೆಯಲ್ಲೇ ಗಟ್ಟಿ. "ಈಗ, ಲಲಿತಾ" ಎಂದು ಅಜ್ಜಿ, "ಹೂಂ ಅತ್ತೆ" ಎಂದು ಅಮ್ಮ. ಇಬ್ಬರ ಕೈಗಳೂ ಒಂದೇ ಅಚ್ಚಿನ ಮೇಲೆ. ದಾರ ಬಿಚ್ಚಿ ಎರಡು ಹೋಳು ಬೇರೆ ಮಾಡಿದರೆ ಬಿಳೀ ಆನೆ ಹೊರಬಂದು ನಿಲ್ಲುತ್ತಿತ್ತು, ಇನ್ನೂ ಬೆಚ್ಚಗೆ. ಡಾರತಿ ಆಂಟಿ ನೋಡಲು ಬಂದವಳು ಗೋಪುರವನ್ನು ಕ್ರಿಸ್‌ಮಸ್ ಮರ ಅಂದುಕೊಂಡಳು, ತುಳಸಿ ಕಟ್ಟೆಯನ್ನು ಹೊಗೆ ಗೂಡು ಅಂದುಕೊಂಡಳು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದಾಗ ಅಜ್ಜಿ ಸ್ವಲ್ಪ ಯೋಚಿಸಿ, "ಹಾಗೇ ಇರ್ಲಿ. ಗೋಪುರಕ್ಕೆ ಹಸಿರು ಬಣ್ಣ ಹಾಕೋ" ಅಂದಳು. ನಾನೇ ಹಾಕಿದೆ. ಹೊಲದ ಅಂಚಿನಲ್ಲಿ ಉಳಿದಿದ್ದ ಹತ್ತಿಯನ್ನು ಬಿಡಿಸಿ ತಂದು ಅಜ್ಜಿ ಬತ್ತಿ ಹೊಸೆಯುತ್ತಿದ್ದಳು. ಅದರಲ್ಲೇ ಒಂದು ಹಿಡಿ ಎಳೆದು ತಟ್ಟೆಗೆ ಹಾಸಿ, ಹಿಮವೆಂದು ಹೇಳಿ, ಅದರ ಮೇಲೆ ಆನೆಗಳನ್ನು ಸಾಲಾಗಿ ನಿಲ್ಲಿಸಿದೆವು. ನಿಜವಾದ ಹಿಮವನ್ನು ನಮ್ಮ ಮನೆಯಲ್ಲಿ ಅಪ್ಪನ ಹೊರತು ಯಾರೂ ನೋಡಿರಲಿಲ್ಲ.

ತಿಂಡಿಯ ಹಿಂದಿನ ದಿನ ಅಮ್ಮನಿಗೂ ಉತ್ಸಾಹ ಏರಿತು. ಡಾರತಿ ಆಂಟಿ ಹೇಳಿಕೊಟ್ಟ ಹಾಗೆ, ಮೊಟ್ಟೆ ಮಾತ್ರ ಬಿಟ್ಟು, ಕೇಕ್ ಮಾಡುತ್ತೇನೆ ಅಂದಳು. ಓವನ್ನಿನಲ್ಲಿದ್ದ ಕಾವಲಿ, ಬಾಣಲೆ, ಒರಳು ಒಂದೊಂದನ್ನೇ ತೆಗೆದು ಊಟದ ಮೇಜಿನ ಮೇಲೆ ಜೋಡಿಸಿದಳು. ಒಳಗೆ ಕೈಯಾಡಿಸಿ ನೋಡಿದಳು. ಏನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಬಾಗಿಲು ಮುಚ್ಚಿ, ಹಿಟ್ಟು ಕಲೆಸಲು ನಿಂತಳು. ಇದನ್ನು ನಾನು ಕಣ್ಣಾರೆ ನೋಡಿದೆ. ಜಗತ್ತಿನಲ್ಲಿ ಇದಕ್ಕೆ ಸಾಕ್ಷಿ ನಾನೊಬ್ಬನೇ, ಆದ್ದರಿಂದ ಇನ್ನೊಂದು ಸಲ ಹೇಳುತ್ತೇನೆ: ಅಮ್ಮ ಎಲ್ಲವನ್ನೂ ತೆಗೆದಿದ್ದಳು.

ಅಜ್ಜಿ ಅಚ್ಚುಗಳನ್ನು ಒರೆಸಿ, ಆ ಹಳೇ ಸೀರೆಯಲ್ಲಿ ಸುತ್ತಿ, ಸಂಕ್ರಾಂತಿಗೆಂದು ತನ್ನ ಮಂಚದ ಕೆಳಗೆ ಇಟ್ಟು ಮಲಗಿದ್ದಳು. ನನಗೆ ಒಂದು ಉಪಾಯ ಹೊಳೆಯಿತು. ಗಂಟನ್ನು ಅಡಗಿಸಿಡುವುದು, ಎದ್ದು ಅಜ್ಜಿ ಮನೆಯೆಲ್ಲ ಹುಡುಕುವಾಗ ಮಂತ್ರ ಹಾಕಿದ ಹಾಗೆ ನಟಿಸಿ ತೆಗೆದುಕೊಡುವುದು, ಬಹುಮಾನಕ್ಕೆ ಒಂದು ಆನೆ ಕೇಳುವುದು. ಅಡಗಿಸಲು ಆಗಷ್ಟೇ ಖಾಲಿಯಾದ ಕಪಾಟಿಗಿಂತ ಒಳ್ಳೆಯ ಜಾಗ ಯಾವುದು? ಅಮ್ಮ ಬೆನ್ನು ತಿರುಗಿಸಿ ಬೆಣ್ಣೆ ಉಜ್ಜುತ್ತಿದ್ದಳು. ಬಾಗಿಲು ತೆಗೆದೆ, ಇಟ್ಟೆ, ಮುಚ್ಚಿದೆ. ಒಂದು ಚೂರು ಸದ್ದಾಗಲಿಲ್ಲ. ಅಷ್ಟು ಚೊಕ್ಕವಾಗಿ ನಾನು ಬದುಕಿನಲ್ಲಿ ಇನ್ನೊಂದು ಕೆಲಸ ಮಾಡಿಲ್ಲ.

ಓವನ್ನಿನಿಂದ ಈಚೆಗೆ ತಿರುಗಿದವನಿಗೆ ಕಿಟಕಿಯಾಚೆ ಬೀದಿ ಕಾಣಿಸಲಿಲ್ಲ. ಹಿಮ. ರವೆಯಲ್ಲ, ಹತ್ತಿ ಬಿಡಿಸಿ ಸುರಿದ ಹಾಗೆ, ದಪ್ಪ ದಪ್ಪವಾಗಿ, ಅವಸರವಿಲ್ಲದೆ. ಚೀರಿಕೊಂಡು ಓಡಿದೆ. ಅಜ್ಜಿ ಎದ್ದು ಬಂದಳು, ಸೀರೆಯ ಮೇಲೆ ಅಪ್ಪನ ಓವರ್‌ಕೋಟು, ಕಾಲಿಗೆ ಅಪ್ಪನ ಎರಡು ಜೊತೆ ಕಾಲುಚೀಲ. ಅಂಗೈ ಚಾಚಿ ಹಿಡಿದು, "ಆಲಿಕಲ್ಲು ನೋಡಿದೀನಿ ಕಣೋ. ಇದು ಸದ್ದೇ ಮಾಡಲ್ವಲ್ಲೋ" ಅಂದಳು. ಅಮ್ಮ ಓವನ್ನಿನ ತಿರುಗಣೆ ತಿರುಗಿಸಿ, ಬಿಸಿಯಾಗುವಷ್ಟು ಹೊತ್ತು ಎಂದುಕೊಂಡು, ಕೈಗೆ ಮೆತ್ತಿದ್ದ ಹಿಟ್ಟಿನೊಡನೆಯೇ ಹೊರಗೆ ಬಂದಳು. ನಾನು ಒಂದು ಉಂಡೆ ಮಾಡಿ ಅಮ್ಮನಿಗೆ ಎಸೆದೆ, ಅದು ಅಜ್ಜಿಯ ಭುಜಕ್ಕೆ ಬಿತ್ತು. ಅಮ್ಮನ ಮುಖ ಬಿಳಿಚಿಕೊಂಡಿತು. ಅಜ್ಜಿ ನಿಧಾನವಾಗಿ ಬಗ್ಗಿ ಒಂದು ಹಿಡಿ ಎತ್ತಿಕೊಂಡು, ನನಗೆ ಹೊಡೆಯುವವಳಂತೆ ನಟಿಸಿ, ಸೊಸೆಯ ಬೆನ್ನಿಗೆ ಹಾಕಿದಳು. ಅಮ್ಮ ಒಂದು ಗಳಿಗೆ ನಿಂತೇಬಿಟ್ಟಳು. ಆಮೇಲೆ ನಕ್ಕಳು ನೋಡಿ, ಸೆರಗು ಜಾರಿದ್ದೂ ಗೊತ್ತಾಗದ ಹಾಗೆ, ಬಗ್ಗಿ ಮೊಣಕಾಲು ಹಿಡಿದುಕೊಂಡು. "ಅತ್ತೆ, ಬೇಡಿ ಅತ್ತೆ, ತಣ್ಣಗಿದೆ" ಅನ್ನುವಳು, ತಾನೂ ಒಂದು ಉಂಡೆ ಕಟ್ಟುವಳು. ಬೇಲಿಯಾಚೆಯಿಂದ ಡಾರತಿ ಆಂಟಿ "ಕೋಟಿ, ಕೋಟಿ" ಎಂದು ಚಪ್ಪಾಳೆ ತಟ್ಟುವಳು. ಕಾಲು ಗಂಟೆ ಇದ್ದಿರಬಹುದು. ನಮ್ಮ ಆ ಮನೆ ಯಾವತ್ತಾದರೂ ಪೂರ್ತಿಯಾಗಿ ಇದ್ದಿದ್ದರೆ ಅದು ಆ ಕಾಲು ಗಂಟೆ.

ಮೊದಲು ವಾಸನೆ ಹಿತವಾಗಿಯೇ ಬಂತು. ಅಜ್ಜಿ ಮೂಗೆಳೆದು, "ನಿನ್ನ ಕೇಕು ಘಮ ಅಂತಿದೆ ಕಣೇ" ಅಂದಳು. ಅಮ್ಮ ತಿರುಗಿ ನೋಡಿದಳು. ಕೇಕಿನ ತಟ್ಟೆಯನ್ನು ಅವಳು ಇನ್ನೂ ಒಳಗೆ ಇಟ್ಟಿರಲಿಲ್ಲ.

ಓವನ್ನಿನ ಬಾಗಿಲು ತೆಗೆದಾಗ ಹೊಗೆ ಚಾವಣಿಗೆ ಬಡಿಯಿತು. ಸೀರೆ ಬೂದಿಯಾಗಿತ್ತು. ಅಷ್ಟು ವರ್ಷ ಕುಡಿದಿದ್ದ ಪಾಕವೆಲ್ಲ ಮರದೊಳಗಿಂದ ಉಕ್ಕಿ ಬಂದು, ಕಪ್ಪಗೆ ಗುಳ್ಳೆ ಗುಳ್ಳೆಯಾಗಿ ಕೆಳಗೆ ತೊಟ್ಟಿಕ್ಕುತ್ತಿತ್ತು. ಡಾರತಿ ಆಂಟಿ ಓಡಿ ಬಂದು ಒದ್ದೆ ಟವೆಲ್ಲಿನಲ್ಲಿ ಹಿಡಿದು ಎಲ್ಲವನ್ನೂ ಹಿತ್ತಲಿನ ಹಿಮದ ಮೇಲೆ ಹಾಕಿದಳು. ಸುಂಯ್ ಎಂದು ಸದ್ದಾಯಿತು. ಅಮ್ಮ ಮೇಜಿನ ಮೇಲಿದ್ದ ಕಾವಲಿ, ಬಾಣಲೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ತೆಗೆದಿದ್ದೆ ಅತ್ತೆ. ಎಲ್ಲಾ ತೆಗೆದಿದ್ದೆ." ಸ್ವಲ್ಪ ಹೊತ್ತಿನ ಮೇಲೆ, "ತೆಗೆದಿದ್ದೆ ಅಂದ್ಕೊಂಡೆ." ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ನಾನೇ ಯಾವಾಗ್ಲೋ ಎತ್ತಿಟ್ಟಿರ್ಬೇಕು." ಹೀಗೆ ನನ್ನ ಕಣ್ಣೆದುರಿಗೇ, ಮೂರು ಮಾತಿನಲ್ಲಿ, ನನ್ನ ತಪ್ಪು ಅಮ್ಮನದಾಯಿತು. ಅಜ್ಜಿ ಕೂಗಾಡಲಿಲ್ಲ. "ಒಲೇಲಿ ಸಾಮಾನಿಡೋ ಬುದ್ಧಿ ಯಾರು ಕಲ್ಸಿದ್ರು ನಿನಗೆ" ಎಂದಷ್ಟೇ ಕೇಳಿ ಕೋಣೆಗೆ ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆದದ್ದು ನೆನಪಿದೆ. ನಗಿಸುವ ಮಾತು ನೂರು ಬರುತ್ತಿದ್ದ ಬಾಯಿಗೆ "ನಾನು" ಎನ್ನುವ ಒಂದು ಮಾತು ಬರಲಿಲ್ಲ. ಅಮ್ಮ ನನ್ನನ್ನು ನೋಡಿ, "ಒದ್ದೆ ಆಗಿದೀಯ, ಬಟ್ಟೆ ಬದಲಾಯಿಸ್ಕೋ ಹೋಗು" ಅಂದಳು. ಹೋದೆ.

ಅಜ್ಜಿ ಬೇಸಿಗೆಯವರೆಗೂ ಇರುವವಳಿದ್ದಳು, ಸಂಕ್ರಾಂತಿ ಮುಗಿದ ವಾರಕ್ಕೇ ಹೊರಟಳು. ಮತ್ತೆ ಬರಲಿಲ್ಲ. ಕಾಗದ ಬರೆಯುತ್ತಿದ್ದಳು, ಅಪ್ಪನಿಗೆ ಒಂದು, ನನಗೆ ಒಂದು. ಅಮ್ಮನಿಗೆ ಒಂದು ಸಾಲು ಕೂಡ ಇರುತ್ತಿರಲಿಲ್ಲ. ಇಷ್ಟು ಕನ್ನಡ ಎಲ್ಲಿ ಕಲಿತೆ ಎಂದು ಜನ ನನ್ನನ್ನು ಕೇಳುತ್ತಾರೆ. ಅಜ್ಜಿಗೆ ಉತ್ತರ ಬರೆದು ಬರೆದು ಕಲಿತೆ. ಹತ್ತು ವರ್ಷ ಬರೆದೆ. ಸ್ಕೂಲಿನ ಚೇಷ್ಟೆ, ಮೇಷ್ಟರ ಅಡ್ಡಹೆಸರು, ಡಾರತಿ ಆಂಟಿ ಕೋಟಿಯನ್ನು ಕೇಳಿದ್ದು, ಎಲ್ಲ ಬರೆದೆ. ಆ ಒಂದು ಸಾಲು ಮಾತ್ರ ಮುಂದಿನ ಕಾಗದಕ್ಕೆ, ಅದರ ಮುಂದಿನ ಕಾಗದಕ್ಕೆ ಎಂದು ಹೋಗುತ್ತಲೇ ಇತ್ತು. ಕೊನೆಗೆ ಅಲ್ಲಿಂದಲೇ ಟೆಲಿಗ್ರಾಂ ಬಂತು. ಅಪ್ಪ ಒಬ್ಬನೇ ಊರಿಗೆ ಹೋದ. ಅಮ್ಮ ಹೊರಟು ಸೂಟ್‌ಕೇಸ್ ತುಂಬಿದವಳು, "ನನ್ನನ್ನ ನೋಡಿದ್ರೆ ಅಲ್ಲಿರೋರಿಗೂ ಅದೇ ನೆನಪಾಗುತ್ತೆ" ಎಂದು ಮತ್ತೆ ಖಾಲಿ ಮಾಡಿದಳು.

ಅಲ್ಲಿಂದ ಮುಂದೆ ಅಮ್ಮ ಓವನ್ನಿನಲ್ಲಿ ಒಂದು ಚಮಚವನ್ನೂ ಇಡಲಿಲ್ಲ, ಅದನ್ನು ಹಚ್ಚಲೂ ಇಲ್ಲ. ಆದರೂ ಮನೆ ಬಿಟ್ಟು ಹೊರಡುವಾಗ ಅದರ ಬಾಗಿಲು ತೆಗೆದು ಕೈಯಾಡಿಸಿ ನೋಡುವಳು. ಅಪ್ಪ ಹೋದ ಮೇಲೆ ಪ್ಲೇನೋದ ಮನೆ ಮಾರಿ, ಹ್ಯೂಸ್ಟನ್ ಹತ್ತಿರದ ಫುಲ್‌ಶೀರ್‌ನಲ್ಲಿರುವ ಶುಭಳ ಮನೆಗೆ ಹೋದಳು. ಶುಭ ನನ್ನ ತಂಗಿ, ಅಜ್ಜಿ ಹೊರಟುಹೋದ ಮೇಲೆ ಹುಟ್ಟಿದವಳು. ಎಂಬತ್ತು ದಾಟಿ ಮರೆವು ಹತ್ತಿತು. ಮಾತ್ರೆ ಮರೆತಳು, ಬೀದಿ ಮರೆತಳು, ಅಪ್ಪ ಇಲ್ಲವೆನ್ನುವುದನ್ನೂ ಆಗಾಗ ಮರೆತಳು. ಒಂದನ್ನು ಮಾತ್ರ ಮರೆಯಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಕೂತು ಬೆಲ್ಟು ಹಾಕಿದ ಮೇಲೆ, "ಓವನ್ ನೋಡಿದ್ಯೇನೇ ಶುಭಾ? ಒಳಗೆ ಏನೂ ಇಲ್ಲ ತಾನೇ?" ಶುಭ ಒಂದು ದಿನ ಫೋನಿನಲ್ಲಿ ಇದನ್ನು ನಗುತ್ತಾ ಹೇಳಿದಳು. ನಾನೂ ಜೊತೆಗೆ ನಕ್ಕೆ. ಫೋನ್ ಇಟ್ಟು, ಕಾರು ಹತ್ತಿ, ಹೆಚ್ಚುಕಮ್ಮಿ ಐದು ಗಂಟೆ ಡ್ರೈವ್ ಮಾಡಿಕೊಂಡು ಫುಲ್‌ಶೀರ್‌ಗೆ ಹೋದೆ.

ಅಮ್ಮ ಹಿಂದಿನ ಕೋಣೆಯಲ್ಲಿ ಬಿಸಿಲಿಗೆ ಕೂತಿದ್ದಳು. ಅವತ್ತು ಅವಳಿಗೆ ಒಳ್ಳೆಯ ದಿನ, ನನ್ನ ಗುರುತು ಹಿಡಿದಳು. ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಗಂಟು, ಮಂಚ, ಅವಳ ಬೆನ್ನು, ಬೆಣ್ಣೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕೆನ್ನೆ ತಟ್ಟಿ ನಕ್ಕಳು.

"ನಿನ್ನ ಯಾವ ಮಾತು ನಂಬೋದೋ? ಹುಟ್ಟಿದಾಗಿನಿಂದ ಇದೇ ಆಯ್ತು."

"ಇದು ನಿಜ ಕಣಮ್ಮ. ನಿನ್ನ ಆಣೆ."

"ಆಣೆ ಬೇರೆ. ಹೋದ ವರ್ಷ ಇದೇ ಆಣೆ ಮಾಡಿ ನನಗೆ ಲಾಟರಿ ಬಂದಿದೆ ಅಂದಿದ್ದೆ."

ಅಂದಿದ್ದೆ, ನಿಜ. ಇನ್ನೊಮ್ಮೆ ಹೇಳಿದೆ. ಓವನ್ನಿನ ಬಣ್ಣ ಹೇಳಿದೆ, ಮೇಜಿನ ಮೇಲೆ ಕಾವಲಿ ಯಾವ ಮೂಲೆಯಲ್ಲಿತ್ತು ಎಂದು ಹೇಳಿದೆ, ಕೈ ಹಿಡಿದುಕೊಂಡು ಬೇಡಿಕೊಂಡೆ. ಅಮ್ಮನ ನಗು ನಿಧಾನವಾಗಿ ಹೋಯಿತು. ಕೈ ಬಿಡಿಸಿಕೊಂಡಳು. ಎದುರಿಗೆ ಕೂತಿದ್ದ ನೆರೆತ ತಲೆಯವನನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದಳು.

"ಅವನು ಹೊರಗಿದ್ದ. ಹಿಮದಲ್ಲಿ ಆಡ್ತಿದ್ದ, ನಾನೇ ನೋಡಿದೀನಿ. ಒಂಬತ್ತು ವರ್ಷದ ಮಗು ಅದು. ನನ್ನ ತಪ್ಪು ತಗೊಂಡು ಹೋಗಿ ಅದರ ಮೇಲೆ ಯಾಕೆ ಹಾಕ್ತೀಯಪ್ಪಾ? ಇನ್ನೊಂದ್ಸಲ ಹಾಗನ್ನಬೇಡ."

ಶುಭ ಕಾಫಿ ತಂದವಳು ಬಾಗಿಲಲ್ಲೇ ನಿಂತು, "ಅಣ್ಣಾ, ಯಾಕೋ ಅಳ್ತಿದೀಯಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು, "ಏನಿಲ್ಲ ಬಿಡೇ. ತಮಾಷೆ ಮಾಡ್ತಿದಾನೆ."

ಆ ವರ್ಷದ ಚಳಿಗಾಲ ಕಳೆಯುವುದರೊಳಗೆ ಅಮ್ಮ ಹೋದಳು, ತಪ್ಪನ್ನು ತನ್ನ ಹತ್ತಿರವೇ ಇಟ್ಟುಕೊಂಡು. ಅವಳಿಂದ ಅದನ್ನು ಕಿತ್ತುಕೊಳ್ಳಲು ನನ್ನ ಕೈಯಲ್ಲಿ ಆಗಲಿಲ್ಲ. ಅವಳ ಕಣ್ಣಿನಲ್ಲಿ ಆ ಹುಡುಗ ಕೊನೆಯವರೆಗೂ ಹೊರಗೇ ಇದ್ದ, ಒದ್ದೆಯಾಗಿ, ನಗುತ್ತಾ. ಅವನನ್ನು ಹೆಸರು ಹಿಡಿದು ಒಳಗೆ ಕರೆಯುವವರು ಈಗ ಯಾರೂ ಉಳಿದಿಲ್ಲ.